ಬಿಸಿನೀರಿನ ಪೈಪು, ಗ್ಯಾಸಿನ ಜೋಡಣೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಇಂಗಾಲ ಇಳಿಸುವ ಕೆಲಸ

ಒಂದು ಬಕೆಟ್ ನೀರು ಕಾಯಿಸುವ ಕರೆಂಟಿನಲ್ಲಿ ಸುಮಾರು 5,000 ಲೀಟರ್ ನೀರನ್ನು ಸಂಪಿನಿಂದ ಮಾಳಿಗೆ ಮೇಲಿನ ಟ್ಯಾಂಕಿಗೆ ಏರಿಸಬಹುದು. ಲೆಕ್ಕ ಹೀಗಿದೆ: 20 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ತರಲು 0.8 ಯೂನಿಟ್ ಬೇಕು. 1,000 ಲೀಟರ್ ನೀರನ್ನು 15 ಮೀಟರ್ ಎತ್ತಲು ಅರ್ಧ ಎಚ್‌ಪಿ ಮೋಟರಿಗೆ, ಅದರ ನಷ್ಟವೆಲ್ಲ ಸೇರಿ, 0.15 ಯೂನಿಟ್ ಆಸುಪಾಸು ಸಾಕು. ಮನೆಯ ಪ್ಲಂಬಿಂಗ್‌ನಿಂದ ಹೊರಹೋಗುವ ಇಂಗಾಲವನ್ನು ಇಳಿಸಬೇಕೆಂದರೆ ಮೊದಲು ಕೈ ಹಾಕಬೇಕಾದ್ದು ಬಿಸಿನೀರಿನ ಲೈನಿಗೆ, ಆಮೇಲೆ ಗ್ಯಾಸಿನ ಲೈನಿಗೆ. ಸೋರುವ ನಳ ರಿಪೇರಿ ಮಾಡಿಸಬೇಕು, ನೀರಿನ ಸಲುವಾಗಿ. ಇಂಗಾಲದ ಲೆಕ್ಕದಲ್ಲಿ ಅದು ಚಿಲ್ಲರೆ.

ದೇಶದ ಗ್ರಿಡ್ಡಿನಲ್ಲಿ ಕರೆಂಟೆಂದರೆ ಬಹುಪಾಲು ಕಲ್ಲಿದ್ದಲು. ರಾಜ್ಯ ಸರ್ಕಾರದ ಮೂರೂ ಕಲ್ಲಿದ್ದಲು ಸ್ಥಾವರಗಳು, ಅಂದರೆ ಶಕ್ತಿನಗರ, ಯರಮರಸ್ ಮತ್ತು ಕುಡುತಿನಿ, ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳಲ್ಲೇ ಇವೆ. ದೇಶದ ಗ್ರಿಡ್ ಸರಾಸರಿಯಲ್ಲಿ ಒಂದು ಯೂನಿಟ್‌ಗೆ 0.7 ಕೆ.ಜಿ. ಆಸುಪಾಸು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಉರಿದರೆ ಸುಮಾರು 3 ಕೆ.ಜಿ. ಈ ಎರಡು ಅಂಕಿ ಹಿಡಿದು 100 ಲೀಟರ್ ಬಿಸಿನೀರಿಗೆ ಲೆಕ್ಕ ಹಾಕಿದರೆ, ಕರೆಂಟ್ ಗೀಸರ್‌ನಿಂದ 3 ಕೆ.ಜಿ.ಗೂ ಮೇಲೆ, ಗ್ಯಾಸ್ ಗೀಸರ್‌ನಿಂದ 1.2 ಕೆ.ಜಿ., ಹವೆಯ ಶಾಖದಿಂದ ನೀರು ಕಾಯಿಸುವ ಹೀಟ್ ಪಂಪ್‌ನಿಂದ 1 ಕೆ.ಜಿ. ಹೋಗುತ್ತದೆ. ಸೋಲಾರ್ ವಾಟರ್ ಹೀಟರಿನಲ್ಲಿ ಬಿಸಿಲು ಇದ್ದ ದಿನ ಸೊನ್ನೆ. ಇಲ್ಲಿ ಬಿಸಿಲಿಗೇನು ಬರ! ಆದರೂ ಸೋಲಾರ್ ಇರುವ ಎಷ್ಟೋ ಮನೆಗಳಲ್ಲಿ ಗೀಸರ್ ಓಡುತ್ತಲೇ ಇರುತ್ತದೆ. ತಪ್ಪು ಸೋಲಾರಿನದಲ್ಲ, ಪೈಪಿನದು.

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 9ನೇ ಭಾಗದಲ್ಲಿ ನೀರು, ಒಳಚರಂಡಿ, ಗ್ಯಾಸ್ ಮೂರರ ನಿಯಮಗಳೂ ಇವೆ. ಅದು ಇಡೀ ದೇಶಕ್ಕೆ ಬರೆದದ್ದು. ಏಪ್ರಿಲ್‌ನಲ್ಲಿ ಟ್ಯಾಂಕಿ ನೀರು ತಾನಾಗೇ ಕಾಯುವ, ಬೋರ್ ನೀರಿನಲ್ಲಿ ಸುಣ್ಣ ತುಂಬಿದ, ಎರೆಮಣ್ಣು ಬಿರಿಯುವ ಊರಿಗೆ ಅದನ್ನು ಹೊಂದಿಸಿಕೊಳ್ಳಬೇಕು.

ಪೈಪಿನ ಹೊಟ್ಟೆಯಲ್ಲಿ ನಿಲ್ಲುವ ನೀರು

ಸೋಲಾರ್ ಟ್ಯಾಂಕಿಯಿಂದ ಬಚ್ಚಲಿನ ನಳದವರೆಗೆ ಪೈಪಿನೊಳಗೆ ಎಷ್ಟು ನೀರು ನಿಂತಿದೆಯೋ ಅಷ್ಟನ್ನೂ ಹೊರಹಾಕಿದ ಮೇಲೆಯೇ ಬಿಸಿನೀರು ಬರುವುದು. ಸ್ನಾನ ಮುಗಿದಾಗ ಅಷ್ಟೇ ಬಿಸಿನೀರು ಮತ್ತೆ ಪೈಪಿನಲ್ಲಿ ನಿಂತು ತಣ್ಣಗಾಗುತ್ತದೆ. ನಿಂತ ನೀರು ಎಷ್ಟೆಂದು ನಿರ್ಧರಿಸುವುದು ಪೈಪಿನ ಸೈಜು. ಬಿಸಿನೀರಿಗೆ ಬಳಸುವ ಸಿಪಿವಿಸಿ (ಬಿಸಿ ತಾಳುವ ಪ್ಲಾಸ್ಟಿಕ್) ಪೈಪಿನ ಎಸ್‌ಡಿಆರ್ 11 ಎಂಬ ದಪ್ಪದ ದರ್ಜೆಯಲ್ಲಿ, ಒಂದು ಮೀಟರಿಗೆ, ಅರ್ಧ ಇಂಚಿನದು 0.12 ಲೀಟರ್ ಹಿಡಿಯುತ್ತದೆ, ಮುಕ್ಕಾಲು ಇಂಚಿನದು 0.26 ಲೀಟರ್, ಒಂದು ಇಂಚಿನದು 0.43 ಲೀಟರ್. 15 ಮೀಟರ್ ದಾರಿಗೆ ಒಂದಿಂಚು ಹಾಕಿದರೆ ಪ್ರತಿ ಸಲ ಆರೂವರೆ ಲೀಟರ್ ಬಸಿಯಬೇಕು. ಇಷ್ಟು ಹೊತ್ತು ಕಾಯುವವರಿಲ್ಲ. ಗೀಸರ್ ಸ್ವಿಚ್ ಒತ್ತುತ್ತಾರೆ.

ಕಾಯಿಸುವ ಜಾಗದಿಂದ ನಳದವರೆಗೆ ಪೈಪಿನ ಹೊಟ್ಟೆ 1.5 ಲೀಟರ್ ಮೀರದಂತೆ ನಕ್ಷೆ ಮಾಡಿ. ಅರ್ಧ ಇಂಚಿನಲ್ಲಿ ಅದು 12 ಮೀಟರ್, ಮುಕ್ಕಾಲಿನಲ್ಲಿ 6 ಮೀಟರಿಗೂ ಕಮ್ಮಿ, ಒಂದಿಂಚಿನಲ್ಲಿ ಮೂರೂವರೆ ಮೀಟರ್. "ಅರ್ಧ ಇಂಚಿನಲ್ಲಿ ನೀರು ಬರೋದಿಲ್ರೀ" ಎಂದು ಪ್ಲಂಬರ್ ಹೇಳಿಯೇ ಹೇಳುತ್ತಾರೆ. ಟ್ಯಾಂಕಿಯಿಂದ ನಳಕ್ಕೆ ಮೂರು ಮೀಟರ್ ಎತ್ತರ ಸಿಕ್ಕರೆ, ಎಂಟು ಮೀಟರ್ ಉದ್ದದ ಅರ್ಧ ಇಂಚಿನ ಪೈಪಿನಲ್ಲಿ ನಿಮಿಷಕ್ಕೆ 6ರಿಂದ 8 ಲೀಟರ್ ಬರುತ್ತದೆ. ಬಕೆಟ್ ಸ್ನಾನಕ್ಕೆ ಅದು ಧಾರಾಳ. ನೀರು ಬಾರದಿರುವ ಕಾರಣ ಸಾಮಾನ್ಯವಾಗಿ ಸೈಜಲ್ಲ: ಹತ್ತಾರು ಎಲ್ಬೋ, ಕೀಲಿನೊಳಗೆ ಗಟ್ಟಿಯಾದ ಸಿಮೆಂಟ್ (ಪೈಪಿನ ಅಂಟು) ಗಡ್ಡೆ, ಇಲ್ಲವೇ ಗಾಳಿ ಕಟ್ಟುವಿಕೆ.

ಎರಡು ಬಚ್ಚಲಿದ್ದರೆ ಒಂದು ದಪ್ಪ ಲೈನ್ ಇಳಿಸಿ ಕವಲೊಡೆಸಬೇಡಿ. ಮೇಲಿನಿಂದಲೇ ಪ್ರತಿ ಬಚ್ಚಲಿಗೆ ಒಂದೊಂದು ಅರ್ಧ ಇಂಚಿನ ಲೈನ್ ಬಿಡಿ. ಪೈಪು ಹತ್ತಡಿ ಹೆಚ್ಚು ಹೋಗಬಹುದು, ಆ ಖರ್ಚು ಒಂದೇ ಸಲ. ಇನ್ನೂ ಒಳ್ಳೆಯದು, ಮನೆ ನಕ್ಷೆ ಬರೆಯುವಾಗಲೇ ಬಚ್ಚಲು ಮತ್ತು ಅಡಿಗೆಮನೆಯ ಸಿಂಕ್ ಒಂದೇ ಗೋಡೆಗೆ ಬೆನ್ನು ಹಚ್ಚುವಂತೆ ಇಟ್ಟು, ಸೋಲಾರನ್ನು ಅದರ ನೆತ್ತಿಯ ಮೇಲೆಯೇ ಕೂರಿಸುವುದು. ಅದಕ್ಕೆ ಒಂದು ರೂಪಾಯಿಯೂ ಹೆಚ್ಚು ಬೀಳುವುದಿಲ್ಲ.

ಬಿಸಿನೀರಿನ ಪೈಪು ಟ್ಯಾಂಕಿಯಿಂದ ನಳದವರೆಗೆ ಇಳಿಯುತ್ತಲೇ ಹೋಗಬೇಕು. ಪ್ಯಾರಪೆಟ್ ಗೋಡೆ ಹತ್ತಿಸಿ ಇಳಿಸಿದರೆ ಆ ಗೂನಿನಲ್ಲಿ ಗಾಳಿ ಸೇರಿ ಲೈನ್ ಕಟ್ಟುತ್ತದೆ. ಗೋಡೆಗೆ ತೂತು ಹೊಡೆದು ನೇರ ಕೆಳಗಿಳಿಸಿ. ತೂತಿನಲ್ಲಿ ಒಂದು ಸೈಜ್ ದೊಡ್ಡ ಪಿವಿಸಿ ತುಂಡನ್ನು ತೋಳಾಗಿ ಕೂರಿಸಿ, ಅದರೊಳಗೆ ಸಿಪಿವಿಸಿ ಸರಾಗವಾಗಿ ಜಾರಲಿ. ಯಾಕೆಂದರೆ ಈ ಪೈಪು ಬೆಳೆಯುತ್ತದೆ: 10 ಮೀಟರ್ ಉದ್ದ, 50 ಡಿಗ್ರಿ ಏರಿಳಿತಕ್ಕೆ ಸುಮಾರು 30 ಮಿ.ಮೀ. ಬೆಳಗ್ಗೆ 25 ಡಿಗ್ರಿಯಲ್ಲಿ ತಣ್ಣಗಿದ್ದ ಪೈಪಿಗೆ ಮಧ್ಯಾಹ್ನ 75 ಡಿಗ್ರಿ ನೀರು ಬರುವುದು ಇಲ್ಲಿ ದಿನನಿತ್ಯದ ಮಾತು. ಎರಡೂ ತುದಿ ಗಟ್ಟಿ ಕಚ್ಚಿದರೆ ಎಲ್ಬೋ ಬಿರಿಯುತ್ತದೆ. ಉದ್ದನೆಯ ಓಟದ ನಡುವೆ ನಾಲ್ಕು ಎಲ್ಬೋ ಹಾಕಿ ಒಂದು ಮಡಿಕೆ ಕೊಡಿ. ಮಡಿಕೆ ಮಲಗಿರಬೇಕು, ನಿಂತಿದ್ದರೆ ಮತ್ತೆ ಗಾಳಿ ಕಟ್ಟುತ್ತದೆ. ಕ್ಲಾಂಪು ಮೂರಡಿಗೊಂದು, ಪೈಪನ್ನು ಹಿಸುಕದಂತೆ ಇರಲಿ.

ಕೀಲಿಗೆ ಸಿಪಿವಿಸಿಯದೇ ಸಿಮೆಂಟ್ ಬೇಕು. ಪಿವಿಸಿ ಗಮ್ ಹಚ್ಚಿದ ಕೀಲು ತಣ್ಣೀರಿನಲ್ಲಿ ತಾಳಬಹುದು, ಬಿಸಿನೀರಿನ ಲೈನಿನಲ್ಲಿ ಬಿಡುತ್ತದೆ. ಪೈಪನ್ನು ಕಟರ್‌ನಿಂದ ಚೌಕವಾಗಿ ಕತ್ತರಿಸಿ, ಅಂಚು ಕೆರೆದು, ಧೂಳು ಒರೆಸಿ, ಪೈಪಿಗೆ ಧಾರಾಳ ಮತ್ತು ಫಿಟಿಂಗ್ ಒಳಗೆ ತೆಳ್ಳಗೆ ಹಚ್ಚಿ. ಕಾಲು ತಿರುವು ತಿರುಗಿಸಿ ತಳ ಮುಟ್ಟಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮಧ್ಯಾಹ್ನ 40 ಡಿಗ್ರಿಯ ಬಿಸಿಲಿನಲ್ಲಿ ಈ ಕೆಲಸ ಬೇಡ. ಹಚ್ಚುವಷ್ಟರಲ್ಲಿ ಸಿಮೆಂಟ್ ಒಣಗಿ ಕೀಲು ಅರ್ಧಕ್ಕೆ ನಿಲ್ಲುತ್ತದೆ. ಇಪ್ಪತ್ತನಾಲ್ಕು ಗಂಟೆ ಬಿಟ್ಟು, ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಕೈಪಂಪಿನಿಂದ ನೀರು ತುಂಬಿ, ಎರಡು ತಾಸು ಮುಳ್ಳು ಇಳಿಯದಂತೆ ನೋಡಿ, ಆಮೇಲೆ ಗಿಲಾವು. ಪ್ಲಾಸ್ಟಿಕ್ ಪೈಪಿಗೆ ಕಂಪ್ರೆಸರ್ ಗಾಳಿ ತುಂಬಿ ಪರೀಕ್ಷೆ ಮಾಡಲೇಬಾರದು. ಒಡೆದರೆ ಚೂರುಗಳು ಗುಂಡಿನಂತೆ ಸಿಡಿಯುತ್ತವೆ.

ಹೊದಿಕೆ

ಮುಕ್ಕಾಲು ಇಂಚಿನ ಬರಿ ಪೈಪಿನಲ್ಲಿ 60 ಡಿಗ್ರಿ ನೀರಿದ್ದರೆ, 25 ಡಿಗ್ರಿ ಹವೆಯಲ್ಲಿ ಮೀಟರಿಗೆ 24 ವ್ಯಾಟ್ ಶಾಖ ಹೋಗುತ್ತದೆ. 13 ಮಿ.ಮೀ. ದಪ್ಪದ ಕಪ್ಪು ನೈಟ್ರೈಲ್ ರಬ್ಬರ್ ಕೊಳವೆ ತೊಡಿಸಿದರೆ 9 ವ್ಯಾಟ್‌ಗೆ ಇಳಿಯುತ್ತದೆ. ಹೊದಿಕೆಯನ್ನು ಕೀಲು ಹಾಕುವ ಮೊದಲೇ ಪೈಪಿಗೆ ತೂರಿಸಿದರೆ ಸೀಳಬೇಕಿಲ್ಲ. ಆದರೆ ಪರೀಕ್ಷೆ ಮುಗಿಯುವ ತನಕ ಕೀಲಿನ ಜಾಗ ಬಿಟ್ಟು ಹಿಂದೆ ಸರಿಸಿಡಿ.

ಎರಡು ಕಡೆ ಇದು ಕೆಡುತ್ತದೆ. ಒಂದು, ಮಾಳಿಗೆ ಮೇಲೆ. ಇಲ್ಲಿನ ಬಿಸಿಲಿಗೆ ಬರಿ ನೈಟ್ರೈಲ್ ಕೆಲವೇ ಬೇಸಿಗೆಯಲ್ಲಿ ಬಿರಿದು ಪುಡಿಯಾಗುತ್ತದೆ. ಮೇಲೆ ಅಲ್ಯೂಮಿನಿಯಂ ಹಾಳೆಯ ಹೊದಿಕೆ ಸುತ್ತಬೇಕು, ಇಲ್ಲವೇ ಒಂದು ಸೈಜ್ ದೊಡ್ಡ ಪಿವಿಸಿ ಪೈಪಿನೊಳಗೆ ಹಾಯಿಸಬೇಕು. ಸಿಪಿವಿಸಿಗೂ ಬಿಸಿಲು ಆಗದು. ಬಿಟ್ಟ ಭಾಗಕ್ಕೆ ನೀರಿನಲ್ಲಿ ಕಲೆಸುವ ಅಕ್ರಿಲಿಕ್ ಬಣ್ಣ ಹಚ್ಚಿ, ಎಣ್ಣೆ ಬಣ್ಣ ಬೇಡ. ಎರಡು, ಗೋಡೆಯೊಳಗೆ. ಅರ್ಧ ಇಂಚಿನ ಪೈಪಿಗೆ 13 ಮಿ.ಮೀ. ಹೊದಿಕೆ ಸೇರಿದರೆ 42 ಮಿ.ಮೀ. ಆಗುತ್ತದೆ, ಗೌಂಡಿ ಗೋಡೆಯಲ್ಲಿ 50 ಮಿ.ಮೀ. ತೋಡು ಕೊರೆಯಬೇಕು. ಒಂಬತ್ತಿಂಚಿನ ಗೋಡೆಯಲ್ಲಿ ಪರವಾಗಿಲ್ಲ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಆಳ ಕೊರೆದರೆ ಗೋಡೆ ಸೋಲುತ್ತದೆ. ಅಲ್ಲಿ ಪೈಪನ್ನು ಹೊರಗಿನಿಂದಲೇ ತನ್ನಿ. ನೋಡಲು ಚಂದವಿಲ್ಲ ಎನ್ನುವುದೊಂದೇ ತಕರಾರು.

ಸೋಲಾರ್ ಕೂರಿಸುವುದು

ನಾಲ್ಕು ಜನರ ಮನೆಗೆ, ಬಕೆಟ್ ಸ್ನಾನದ ರೂಢಿಗೆ, 100 ಲೀಟರಿನದು ಸಾಕು. ಅಂಗಡಿಯವರು 200 ಹೇಳುತ್ತಾರೆ. ಕಾಯಿಸಿದ ಹೆಚ್ಚಿನ 100 ಲೀಟರ್ ರಾತ್ರಿಯಿಡೀ ತಣ್ಣಗಾಗುವುದಕ್ಕಷ್ಟೇ ಉಪಯೋಗ. ಮುಖ ದಕ್ಷಿಣಕ್ಕೆ ಇರಲಿ. ಬಳ್ಳಾರಿ 15, ರಾಯಚೂರು 16 ಡಿಗ್ರಿ ಅಕ್ಷಾಂಶದಲ್ಲಿವೆ. ನಮಗೆ ಬಿಸಿನೀರು ಬೇಕಾದದ್ದು ಕಾರ್ತಿಕದಿಂದ ಮಾಘದ ತನಕ, ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಓರೆ 25ರಿಂದ 30 ಡಿಗ್ರಿ ಕೊಡಿ. ಇದರಿಂದ ಬೇಸಿಗೆಯ ಅತಿ ಕಾವೂ ತುಸು ತಗ್ಗುತ್ತದೆ.

ನೀರು ತುಂಬಿದ 100 ಲೀಟರ್ ಸೋಲಾರ್, ಸ್ಟ್ಯಾಂಡ್ ಸಮೇತ, 150 ಕೆ.ಜಿ.ಗೆ ಮೇಲೆ ತೂಗುತ್ತದೆ. ಆರ್‌ಸಿಸಿಗೆ ಇದು ಲೆಕ್ಕಕ್ಕಿಲ್ಲ. ಮಣ್ಣಿನ ಮಾಳಿಗೆಯಾದರೆ ಸ್ಟ್ಯಾಂಡಿನ ಕಾಲುಗಳು ಗೋಡೆಯ ಮೇಲೆ ನಿಂತ ಎರಡು ಕಬ್ಬಿಣದ ಆ್ಯಂಗಲ್‌ಗಳ ಮೇಲೆ ಕೂರಬೇಕು, ತೊಲೆಗಳ ನಡುವೆ ಅಲ್ಲ.

ತಣ್ಣೀರಿನ ಟ್ಯಾಂಕಿಯ ತಳ ಸೋಲಾರ್ ಟ್ಯಾಂಕಿಯ ತಲೆಗಿಂತ ಕನಿಷ್ಠ ಒಂದಡಿ ಮೇಲಿರಲಿ. ಸೋಲಾರಿನ ನೆತ್ತಿಯಿಂದ ಹೊರಟ ಗಾಳಿ ಕೊಳವೆ ತಣ್ಣೀರಿನ ಟ್ಯಾಂಕಿಯ ತುಂಬುಮಟ್ಟಕ್ಕಿಂತ ಒಂದಡಿ ಮೇಲೆ ಹೋಗಿ, ಬಾಯಿ ಕೆಳಗೆ ಬಾಗಿ, ತೆರೆದೇ ಇರಬೇಕು. ಅದಕ್ಕೆ ವಾಲ್ವ್ ಹಾಕುವುದು, ಜೇನು ಕಟ್ಟುತ್ತದೆಂದು ಬಟ್ಟೆ ತುರುಕುವುದು ಎರಡೂ ಅಪಾಯ. ನೀರು ಇಳಿಯುವಾಗ ಗಾಳಿ ಒಳಗೆ ಬಾರದಿದ್ದರೆ ಒಳಟ್ಯಾಂಕಿ ಮುದುಡಿ ಹೋಗುತ್ತದೆ. ಬೇಕಾದರೆ ಸೊಳ್ಳೆ ಜಾಲರಿ ಕಟ್ಟಿ. ತಣ್ಣೀರು ಸೇರುವ ಲೈನನ್ನು ಸೋಲಾರಿಗೆ ತಾಗುವ ಮೊದಲು ಒಂದಡಿ ಕೆಳಗಿಳಿಸಿ ಮೇಲೆತ್ತಿ. ಬಿಸಿನೀರು ಮೇಲೇರುವ ಸ್ವಭಾವದ್ದು, ಈ ತಗ್ಗು ದಾಟಿ ತಣ್ಣೀರಿನ ಟ್ಯಾಂಕಿಗೆ ವಾಪಸು ಹೋಗುವುದಿಲ್ಲ. ಒಮ್ಮುಖ ವಾಲ್ವಿಗಿಂತ ಇದೇ ಗಟ್ಟಿ, ಸುಣ್ಣದ ನೀರಿನಲ್ಲಿ ಆ ವಾಲ್ವ್ ಬೇಗ ಕಚ್ಚಿಕೊಳ್ಳುತ್ತದೆ.

ಗಾಜಿನ ಕೊಳವೆಯ ಸೋಲಾರಿಗೆ ಮೊದಲ ಸಲ ನೀರು ತುಂಬುವುದು ಸೂರ್ಯ ಹುಟ್ಟುವ ಮುಂಚೆ. ಒಣಗಿ ಕಾದ ಕೊಳವೆಗೆ ಮಧ್ಯಾಹ್ನ ತಣ್ಣೀರು ಬಿದ್ದರೆ ಚಟಾರನೆ ಒಡೆಯುತ್ತದೆ. ಊರಿಗೆ ಹೋಗಿ ಬಂದಾಗ ಟ್ಯಾಂಕಿ ಖಾಲಿಯಾಗಿದ್ದರೂ ಇದೇ ಎಚ್ಚರ. ಮಾರ್ಚ್‌ನಿಂದ ಜೂನ್ ತನಕ ಅರ್ಧ ಕೊಳವೆಗಳಿಗೆ ಗೋಣಿ ತಟ್ಟು ಇಲ್ಲವೇ ನೆರಳು ಬಲೆ ಹೊದಿಸಿ. ನೀರು ಕುದಿದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ.

ಮನೆಗೆ ಪ್ರೆಷರ್ ಪಂಪ್ ಇದ್ದರೆ ಒಂದು ಗುಪ್ತ ಸೋರಿಕೆ ಇರುತ್ತದೆ. ತಣ್ಣೀರು ಪಂಪಿನಿಂದ, ಬಿಸಿನೀರು ಬರಿ ಎತ್ತರದಿಂದ ಬರುವಾಗ, ಮಿಕ್ಸರ್ ನಳದಲ್ಲಿ ಎರಡೂ ತಿರುಪು ತೆರೆದಿಟ್ಟು ಶವರ್ ಮುಚ್ಚಿದರೆ, ತಣ್ಣೀರು ಬಿಸಿ ಲೈನಿಗೆ ನುಗ್ಗಿ ಸೋಲಾರ್ ಟ್ಯಾಂಕಿಯನ್ನು ತಣ್ಣಗಾಗಿಸುತ್ತದೆ, ಗಾಳಿ ಕೊಳವೆಯಿಂದ ಚೆಲ್ಲುತ್ತದೆ. "ಸೋಲಾರ್ ಕಾಯೋದೇ ಇಲ್ಲ" ಎಂಬ ದೂರಿಗೆ ಮೊದಲು ಇದನ್ನೇ ನೋಡಿ. ಮಿಕ್ಸರಿನ ಎರಡೂ ಬಾಯಿಗೆ ಒಮ್ಮುಖ ವಾಲ್ವ್ ಹಾಕಬೇಕು, ಇಲ್ಲವೇ ಬಚ್ಚಲಿನ ತಣ್ಣೀರನ್ನು ಪಂಪಿನಿಂದ ಬಿಡಿಸಿ ಟ್ಯಾಂಕಿಗೇ ಸೇರಿಸಬೇಕು. ಎರಡನೆಯದೇ ಒಳ್ಳೆಯದು. ಗಾಜಿನ ಕೊಳವೆಯ ಸಾದಾ ಸೋಲಾರಿಗಂತೂ ಪ್ರೆಷರ್ ಪಂಪನ್ನು ನೇರ ಜೋಡಿಸಲೇಬಾರದು, ರಬ್ಬರ್ ಸೀಲುಗಳು ಹಾರುತ್ತವೆ.

ಮೋಡದ ದಿನಕ್ಕೆಂದು ಸೋಲಾರ್ ಟ್ಯಾಂಕಿಯೊಳಗೇ ಕಾಯಿಲ್ ಹಾಕಿಸುವುದು ರೂಢಿ. ಅದು ಎರಡು ಬಕೆಟ್ ಬೇಕಿದ್ದರೂ ಇಡೀ 100 ಲೀಟರ್ ಕಾಯಿಸುತ್ತದೆ, 4 ಯೂನಿಟ್. ಅದರ ಬದಲು ಬಚ್ಚಲಲ್ಲಿ 15 ಲೀಟರಿನ ಸ್ಟಾರ್ ಗುರುತಿನ ಗೀಸರ್ ಇಟ್ಟು, ಬೈಪಾಸ್ ಲೈನ್ ಮತ್ತು ಮೂರು ಬಾಲ್ ವಾಲ್ವ್ ಕೊಡಿ. ಬಿಸಿಲಿದ್ದ ದಿನ ಸೋಲಾರ್ ನೀರು ಗೀಸರೊಳಗೆ ಹೋಗದೆ ನೇರ ನಳಕ್ಕೆ ಬರಲಿ. 80 ಡಿಗ್ರಿ ನೀರನ್ನು ಗೀಸರೊಳಗೆ ಹಾಯಿಸಿದರೆ ಅದರ ಸುರಕ್ಷಾ ವಾಲ್ವ್ ಮತ್ತು ಥರ್ಮೋಸ್ಟಾಟ್ ಕೆಡುತ್ತವೆ. 15 ಲೀಟರನ್ನು 25ರಿಂದ 55 ಡಿಗ್ರಿಗೆ ತರಲು 2 ಕಿಲೋವ್ಯಾಟ್ ಗೀಸರಿಗೆ 16 ನಿಮಿಷ ಸಾಕು. ಬೆಳಗಿನ ಐದಕ್ಕೆ ಹಾಕಿ ಎಂಟರ ತನಕ ಬಿಡುವುದರಲ್ಲಿ ಅರ್ಥವಿಲ್ಲ.

ಮಾಳಿಗೆಯಲ್ಲಿ ಜಾಗವಿಲ್ಲದ ಅಪಾರ್ಟ್‌ಮೆಂಟ್, ಲಾಡ್ಜ್, ಹಾಸ್ಟೆಲ್‌ಗಳಿಗೆ ಹೀಟ್ ಪಂಪ್ ಸರಿ. ಅದು ಹವೆಯ ಶಾಖವನ್ನೇ ನೀರಿಗೆ ತುಂಬುವ ಯಂತ್ರ, ಹವೆ ಕಾದಷ್ಟೂ ಸಲೀಸು. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಈ ಹವೆಯಲ್ಲಿ ಕಷ್ಟವಲ್ಲ. ತಣ್ಣನೆ ಗಾಳಿ ಊದುವ ಬಾಯಿಯನ್ನು ಗೋಡೆಗೆ ಎದುರಾಗಿಸಬೇಡಿ, ಅದೇ ಗಾಳಿ ಸುತ್ತಿ ಬಂದರೆ ಲಾಭ ಕರಗುತ್ತದೆ.

ಬಳ್ಳಾರಿ ಜಾಲಿ ಇಲ್ಲವೇ ಹತ್ತಿಕಟ್ಟಿಗೆ ಉರಿಸಿ ಹಂಡೆಯಲ್ಲಿ ಕಾಯಿಸುವವರು ಕರೆಂಟಿಗೆ ಬದಲಾಗಬೇಕಿಲ್ಲ. ಜಾಲಿ ಕಡಿದಷ್ಟೂ ಚಿಗುರುತ್ತದೆ. ಕೆಡುಕು ಹೊಗೆಯದು. ಒಲೆಗೆ ಕಬ್ಬಿಣದ ಜಾಲರಿ ತಳ, ಮಾಳಿಗೆಗಿಂತ ಮೂರಡಿ ಮೇಲೇರುವ ನಾಲ್ಕಿಂಚಿನ ಹೊಗೆಕೊಳವೆ, ಹಂಡೆಗೆ ಮುಚ್ಚಳ, ಇಷ್ಟು ಮಾಡಿ.

ಸುಣ್ಣ ಕಟ್ಟುವ ನೀರು, ಕಾಯುವ ಟ್ಯಾಂಕಿ

ಬೋರ್ ನೀರಿದ್ದ ಮನೆಯಲ್ಲಿ ತಾಮ್ರದ ಸಣ್ಣ ಕೊಳವೆಗಳ ಫ್ಲಾಟ್ ಪ್ಲೇಟ್ ಸೋಲಾರ್ ಬೇಡ, ಒಳಗೆ ಸುಣ್ಣ ಕಟ್ಟಿ ಹರಿವು ನಿಲ್ಲುತ್ತದೆ. ಗಾಜಿನ ಕೊಳವೆ ಅಗಲವಾದ್ದರಿಂದ ಹೆಚ್ಚು ತಾಳುತ್ತದೆ, ತೆಗೆದು ತೊಳೆಯಲೂ ಬರುತ್ತದೆ. ನದಿ ನೀರು ಬರುವ ಮನೆಯಲ್ಲಿ ಸೋಲಾರ್ ಮತ್ತು ಗೀಸರಿಗೆ ಆ ನೀರಿನದೇ ಬೇರೆ ಟ್ಯಾಂಕಿ ಇಡುವುದು ಜಾಣತನ. ಬೋರ್ ನೀರು ಶೌಚಾಲಯಕ್ಕೆ, ತೊಳೆಯುವುದಕ್ಕೆ ಹೋಗಲಿ. ಗೀಸರಿನ ಕಾಯಿಲನ್ನು ವರ್ಷಕ್ಕೊಮ್ಮೆ ಬಿಚ್ಚಿ, ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕಲೆಸಿದ ನೀರಿನಲ್ಲಿ ನೊರೆ ನಿಲ್ಲುವ ತನಕ ನೆನೆಸಿ. ಅದೇ ಹೊತ್ತಿಗೆ, ಟ್ಯಾಂಕಿಯ ಬದಲು ತಾನು ಸವೆಯಲೆಂದು ಒಳಗಿಟ್ಟ ಮೆಗ್ನೀಸಿಯಂ ಸರಳು ನೋಡಿ. ಬೆರಳಿನಷ್ಟಿದ್ದದ್ದು ಕಡ್ಡಿಯಾಗಿದ್ದರೆ ಬದಲಿಸಿ, ಇಲ್ಲವಾದರೆ ಮುಂದೆ ಟ್ಯಾಂಕಿಯೇ ತೂತಾಗುತ್ತದೆ.

ಬೇಸಿಗೆಯ ಸಮಸ್ಯೆ ತಿರುಗುಮುರುಗು: ತಣ್ಣೀರಿನ ನಳದಲ್ಲೇ ಸುಡುವ ನೀರು. ತಣ್ಣಗಿನದು ಬರಲೆಂದು ಹತ್ತು ಲೀಟರ್ ಚೆಲ್ಲುತ್ತಾರೆ. ಟ್ಯಾಂಕಿಗೆ ಸುಣ್ಣ ಬಳಿದು ಮೇಲೆ ಚಪ್ಪರ ಹಾಕಿ, ಇಳಿಯುವ ಪೈಪನ್ನು ಉತ್ತರದ ಗೋಡೆಯಲ್ಲಿ ತನ್ನಿ, ಪಶ್ಚಿಮದ ಗೋಡೆ ಬೇಡವೇ ಬೇಡ. ಇನ್ನೊಂದು ಸುಲಭದ ಉಪಾಯವಿದೆ. ಗೀಸರ್ ಆಫ್ ಮಾಡಿಟ್ಟರೆ ನೆರಳಿನಲ್ಲಿರುವ ಅದರ 15 ಲೀಟರ್ ನೀರು ಮನೆಯೊಳಗಿನ ಹವೆಗೆ ಇಳಿದಿರುತ್ತದೆ. ಏಪ್ರಿಲ್, ಮೇನಲ್ಲಿ ಬಿಸಿನೀರಿನ ನಳ ತಿರುವಿದರೇ ತಂಪು.

ಗ್ಯಾಸಿನ ಲೈನ್

ಮೊದಲೇ ಹೇಳಿಬಿಡುವುದು: ರೆಗ್ಯುಲೇಟರ್, ಮೀಟರ್, ಜೆಟ್ (ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಬಿಡಿಭಾಗ) ಇವುಗಳಿಗೆ ಕೈ ಹಚ್ಚುವುದು ಗ್ಯಾಸ್ ಕಂಪನಿಯ ಇಲ್ಲವೇ ವಿತರಕರ ತರಬೇತಾದ ಫಿಟ್ಟರ್ ಮಾತ್ರ. ಮನೆಯವರ ಕೆಲಸ ನೋಡುವುದು, ಕೇಳುವುದು, ಸೋಪಿನ ಪರೀಕ್ಷೆ.

ಇಂಡಕ್ಷನ್ ಒಲೆ ಎಂದೊಡನೆ ಪರಿಸರಕ್ಕೆ ಒಳ್ಳೆಯದೆಂದು ತಿಳಿಯುತ್ತಾರೆ. ಗ್ರಿಡ್ ಕರೆಂಟಿನಲ್ಲಿ ಇವತ್ತಿನ ಲೆಕ್ಕ ಹಾಗಿಲ್ಲ. ಪಾತ್ರೆಗೆ ಒಂದು ಯೂನಿಟ್ ಶಾಖ ಮುಟ್ಟಿಸಲು ಇಂಡಕ್ಷನ್‌ಗೆ 0.8 ಕೆ.ಜಿ. ಇಂಗಾಲ, 68 ಶೇಕಡಾ ದಕ್ಷತೆಯ ಎಲ್‌ಪಿಜಿ ಒಲೆಗೆ 0.35 ಕೆ.ಜಿ. ಮಾಳಿಗೆಯಲ್ಲಿ ಸೋಲಾರ್ ಪ್ಯಾನೆಲ್ ಇದ್ದು ಹಗಲು ಅಡಿಗೆ ಮಾಡುವವರಿಗೆ ಇಂಡಕ್ಷನ್ ಗೆಲ್ಲುತ್ತದೆ. ಉಳಿದವರು ಸದ್ಯಕ್ಕೆ ಇದ್ದ ಒಲೆಯನ್ನು ಸರಿ ಉರಿಸಿಕೊಳ್ಳಲಿ. ಉರಿ ಹಳದಿಯಾಗಿ ಪಾತ್ರೆ ತಳ ಕಪ್ಪಾದರೆ ಗಾಳಿ ಸಾಲುತ್ತಿಲ್ಲ, ಬರ್ನರಿನ ತೂತು ಅಥವಾ ಗಾಳಿ ಎಳೆಯುವ ಕೊಳವೆ ಕಟ್ಟಿದೆ ಎಂದರ್ಥ. ಬರ್ನರ್ ತೆಗೆದು ತೂತುಗಳನ್ನು ಹಿತ್ತಾಳೆ ತಂತಿಯಿಂದ ಬಿಡಿಸಿ. ಜೆಟ್‌ಗೆ ಸೂಜಿ ತುರುಕಬೇಡಿ. ತೂತು ಒಂದು ಕೂದಲೆಳೆ ಅಗಲವಾದರೂ ಗ್ಯಾಸು ಹೆಚ್ಚು, ಶಾಖ ಅಷ್ಟೇ.

ಸಿಲಿಂಡರ್‌ನಿಂದ ಪೈಪ್ ಗ್ಯಾಸಿಗೆ ಬದಲಾಗುವಾಗ ಮೂರು ಮಾತು. ಎಲ್‌ಪಿಜಿ ಒಲೆಗೆ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಬರುತ್ತದೆ, ಪೈಪ್ ಗ್ಯಾಸ್ 21ರಲ್ಲಿ, ಅದೂ ತೆಳು ಗ್ಯಾಸ್. ಹಾಗಾಗಿ ಜೆಟ್ ದೊಡ್ಡದು ಬೇಕು. ಹಳೆ ಜೆಟ್‌ನಲ್ಲೇ ಬಿಟ್ಟರೆ ಉರಿ ಸೊರಗುತ್ತದೆ. ದೊಡ್ಡ ಜೆಟ್ ಹಾಕಿದ ಒಲೆಗೆ ಮುಂದೆಂದೋ ಸಿಲಿಂಡರ್ ಜೋಡಿಸಿದರೆ ಉರಿ ಮುಖಕ್ಕೆ ಹಾರುತ್ತದೆ. ಎರಡನೆಯದು ಕಿಂಡಿ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ನೆಲದಲ್ಲಿ ಹರಡುತ್ತದೆ. ಪೈಪಿನ ಗ್ಯಾಸ್ ಹಗುರ, ಸೂರಿಗೆ ಏರುತ್ತದೆ. ನೆಲಮಟ್ಟದ ಕಿಂಡಿ ಮಾತ್ರ ಇರುವ ಅಡಿಗೆಮನೆಗೆ ಸೂರಿನ ಕೆಳಗೂ ಒಂದು ತೆರೆದೇ ಇರುವ ಕಿಂಡಿ ಹೊಡೆಸಿ, ಹಳೆಯದನ್ನು ಮುಚ್ಚಬೇಡಿ.

ಮೂರನೆಯದೇ ಇಂಗಾಲದ ಮರ್ಮ. ಪೈಪ್ ಗ್ಯಾಸ್ ಎಂದರೆ ಮೀಥೇನ್. ಉರಿದರೆ ಎಲ್‌ಪಿಜಿಗಿಂತ ಕಡಿಮೆ ಇಂಗಾಲ. ಉರಿಯದೆ ಸೋರಿದರೆ, ನೂರು ವರ್ಷದ ಲೆಕ್ಕದಲ್ಲಿ, ಒಂದು ಕೆ.ಜಿ. ಮೀಥೇನ್ 28 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಒಲೆಯ ಮಟ್ಟದಲ್ಲೇ ಲೆಕ್ಕ ಹಾಕಿದರೂ, ಬಂದ ಗ್ಯಾಸಿನಲ್ಲಿ 2 ಶೇಕಡಾ ಸೋರಿದರೆ ಸಿಲಿಂಡರ್ ಬಿಟ್ಟು ಬಂದ ಲಾಭವೆಲ್ಲ ಹೋಯಿತು. ತಾಸಿಗೆ ಒಂದೇ ಲೀಟರ್ ಸೋರುವ ಕೀಲು ವರ್ಷಕ್ಕೆ ಸುಮಾರು 6 ಕೆ.ಜಿ. ಮೀಥೇನ್ ಬಿಡುತ್ತದೆ. ಅದು 165 ಕೆ.ಜಿ. ಇಂಗಾಲದ ಡೈಆಕ್ಸೈಡಿನಷ್ಟು, ಅಂದರೆ ನಾಲ್ಕು ಸಿಲಿಂಡರ್ ಉರಿಸಿದಷ್ಟು.

ಸೋರಿಕೆ ಹಿಡಿಯಲು ಮೀಟರೇ ಸಾಕು. ರಾತ್ರಿ ಒಲೆ ಆರಿಸಿದ ಮೇಲೆ, ವಾಲ್ವ್ ತೆರೆದಿಟ್ಟು, ಮೀಟರಿನ ಕೊನೆಯ ಕೆಂಪು ಅಂಕಿಗಳ ಫೋಟೋ ತೆಗೆಯಿರಿ. ಬೆಳಗ್ಗೆ ಒಲೆ ಹಚ್ಚುವ ಮೊದಲು ಇನ್ನೊಂದು. ಅಂಕಿ ಒಂದಿಷ್ಟು ಜರುಗಿದ್ದರೂ ಎಲ್ಲೋ ಸೋರುತ್ತಿದೆ. ವಾಸನೆ ಬಂದಿದ್ದರೆ ಮಾತ್ರ ಈ ಪರೀಕ್ಷೆಗೆ ಕಾಯಬೇಡಿ: ವಾಲ್ವ್ ಮುಚ್ಚಿ, ಸ್ವಿಚ್ ಮುಟ್ಟದೆ, ಬಾಗಿಲು ಕಿಟಕಿ ತೆರೆದು ಹೊರಬನ್ನಿ. ಎಲ್‌ಪಿಜಿಯಾದರೆ ಹೊರಗಿನಿಂದ 1906ಕ್ಕೆ ಫೋನ್ ಮಾಡಿ, ಪೈಪ್ ಗ್ಯಾಸಾದರೆ ಮೀಟರಿನ ಮೇಲಿರುವ ನಂಬರಿಗೆ.

ಸೋಪಿನ ಪರೀಕ್ಷೆಗೆ ಒಂದು ಲೋಟ ನೀರಿಗೆ ಒಂದು ಚಮಚ ಸೋಪಿನ ದ್ರಾವಣ. ಬ್ರಷ್‌ನಿಂದ ಕೀಲಿನ ಸುತ್ತ ಹಚ್ಚಿ ಪೂರ್ತಿ ಒಂದು ನಿಮಿಷ ನೋಡಿ, ಸಣ್ಣ ಸೋರಿಕೆಯ ಗುಳ್ಳೆ ತಡವಾಗಿ ಏಳುತ್ತದೆ. ಆಮೇಲೆ ಒರೆಸಿಬಿಡಿ, ಸೋಪು ಹಿತ್ತಾಳೆಯನ್ನು ತಿನ್ನುತ್ತದೆ. ಹೆಚ್ಚಾಗಿ ಸೋರುವುದು ಒಲೆಯ ನಾಬಿನ ಹಿಂದೆ ಮತ್ತು ರಬ್ಬರ್ ಪೈಪಿನ ತುದಿಯಲ್ಲಿ. ರಬ್ಬರ್ ಪೈಪು ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೆ ಬದಲಿಸಲೇಬೇಕು. ಗೋಡೆ ತೂರಿಸಿ ಪಕ್ಕದ ಕೋಣೆಗೆ ಒಯ್ಯಬಾರದು.

ಹೊಸ ಲೋಹದ ಲೈನಿನ ಪರೀಕ್ಷೆ ಗಾಳಿಯಿಂದ ನಡೆಯುತ್ತದೆ, ನೀರು ಬಿಟ್ಟರೆ ಅದು ಒಳಗೇ ಉಳಿಯುತ್ತದೆ. ಈ ಪರೀಕ್ಷೆಯನ್ನು ನಸುಕಿನಲ್ಲಿ ಇಲ್ಲವೇ ಸಂಜೆ ಮಾಡಿಸಿ. 1 ಬಾರ್ ತುಂಬಿದ ಪೈಪು ಬಿಸಿಲಿಗೆ 10 ಡಿಗ್ರಿ ಕಾದರೆ ಮುಳ್ಳು 0.07 ಬಾರ್ ತಾನಾಗೇ ಏರುತ್ತದೆ. ಆ ಏರಿಕೆ ಸಣ್ಣ ಸೋರಿಕೆಯನ್ನು ಮುಚ್ಚಿಬಿಡುತ್ತದೆ, ಫಿಟ್ಟರ್ "ಪಾಸ್" ಎಂದು ಹೋಗುತ್ತಾರೆ.

ಗ್ಯಾಸ್ ಗೀಸರ್ ಇಂಗಾಲದಲ್ಲಿ ಕರೆಂಟ್ ಗೀಸರಿಗಿಂತ ಹಗುರವೆಂದು ಮೇಲೆ ಹೇಳಿದೆವು. ಆದರೆ ಬಚ್ಚಲೊಳಗೆ ಎಂದೂ ಇಡಬಾರದು. ಮುಚ್ಚಿದ ಬಚ್ಚಲಲ್ಲಿ ಆಮ್ಲಜನಕ ತೀರಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಹೊರಬರುವುದಿಲ್ಲ. ಹಿತ್ತಲಿನ ಹೊರಗೋಡೆಗೆ, ಮೇಲೆ ಸಣ್ಣ ಸೂರು ಕೊಟ್ಟು ಕೂರಿಸಿ, ಕಿಟಕಿಯಿಂದ ದೂರ. ಹಾಗೆ ಜಾಗ ಸಿಗದಿದ್ದರೆ ಗ್ಯಾಸ್ ಗೀಸರಿನ ಯೋಚನೆಯನ್ನೇ ಬಿಡಿ.

ಎರೆಮಣ್ಣು ಮತ್ತು ಗೋಬರ್ ಗ್ಯಾಸ್

ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಆಳಕ್ಕೆ ಹೂತರೂ ಈ ಚಲನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ, ಬಾಗುವ ಪೈಪು ಬೇಕು. ನೀರಿಗೆ ಗಮ್ ಹಚ್ಚಿದ ಪಿವಿಸಿಗಿಂತ ಎಚ್‌ಡಿಪಿಇ ಸುರುಳಿ ಪೈಪು ಮೇಲು. ಸುತ್ತ ಆರಿಂಚು ಮರಳು, ಮೇಲೆ ಗರಸು ತುಂಬಿ, ತೆಗೆದ ಎರೆಮಣ್ಣನ್ನೇ ವಾಪಸು ತುಂಬಬೇಡಿ. ಮನೆಗೋಡೆ ದಾಟುವಲ್ಲಿ ನಾಲ್ಕಿಂಚಿನ ತೋಳು ಕೊಟ್ಟು, ಹೊರಗೆ ಒಂದು ಸಡಿಲ ಬಾಗು ಇಡಿ. ಕಣ್ಣಿಗೆ ಬೀಳದ ಒಡಕುಗಳು ಹೆಚ್ಚಾಗಿ ಅಲ್ಲೇ ಆಗುವುದು. ಗ್ಯಾಸಿಗೆ ಹಳದಿ ಪಾಲಿಎಥಿಲೀನ್ ಪೈಪೇ, ತಿರುಪಿನ ಮರೆ ಕೊರೆದ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪನ್ನು ಎರೆಯಲ್ಲಿ ಹೂಳಲೇಬಾರದು.

ನಾಲ್ಕೈದು ದನ ಇರುವ ಮನೆಗೆ 2 ಘನ ಮೀಟರಿನ ಗೋಬರ್ ಗ್ಯಾಸ್ ಸಾಕು: ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು. ಬರುವ ಗ್ಯಾಸ್ 0.85 ಕೆ.ಜಿ. ಎಲ್‌ಪಿಜಿಗೆ ಸಮ. ಇದರಲ್ಲೂ ಹೆಚ್ಚಿನದು ಮೀಥೇನೇ, ಹಾಗಾಗಿ ಸೋರಿದರೆ ಮೇಲಿನ ಲೆಕ್ಕವೇ ಇಲ್ಲೂ. ಗುಮ್ಮಟ ತುಂಬಿ ಗ್ಯಾಸ್ ಹೆಚ್ಚಾಯಿತೆಂದು ವಾಲ್ವ್ ತೆರೆದು ಬಿಡುವ ರೂಢಿ ಕೆಟ್ಟದ್ದು. ಹೆಚ್ಚಾದದ್ದನ್ನು ಒಲೆಯಲ್ಲಿ ಉರಿಸಿ ಹಂಡೆ ನೀರನ್ನಾದರೂ ಕಾಯಿಸಿ. ಈ ಗ್ಯಾಸಿನಲ್ಲಿ ನೀರಿನ ಆವಿ ಇರುತ್ತದೆ, ಕೊಳೆತ ಮೊಟ್ಟೆ ವಾಸನೆಯ ಗಂಧಕವೂ ಇರುತ್ತದೆ. ಗಂಧಕ ತಾಮ್ರ, ಜಿಐ ಎರಡನ್ನೂ ತಿನ್ನುವುದರಿಂದ ಎಚ್‌ಡಿಪಿಇ ಪೈಪು ಹಾಕಿ. ಪೈಪು ನೂರು ಅಡಿಗೆ ಒಂದಡಿ ಇಳಿಜಾರಾಗಿ ಒಂದು ತಗ್ಗಿನ ಕಡೆ ಸಾಗಲಿ, ಆ ತಗ್ಗಿನಲ್ಲಿ ನೀರು ಬಸಿಯುವ ವಾಲ್ವ್ ಇರಲಿ. ಉರಿ ಹಾರಿ ಹಾರಿ ಆರಿದರೆ ಗ್ಯಾಸ್ ತೀರಿದೆಯೆಂದು ತಿಳಿದು ಸಿಲಿಂಡರ್ ಹಚ್ಚುವ ಮೊದಲು ಆ ವಾಲ್ವ್ ತಿರುವಿ ನೋಡಿ. ಬಹಳ ಸಲ ಪೈಪಿನಲ್ಲಿ ನಿಂತ ಅರ್ಧ ಚೊಂಬು ನೀರೇ ದಾರಿ ಕಟ್ಟಿರುತ್ತದೆ.